ಕೋಲು ಹಿಡಿದು ನಿಂತವಳು

ನನಗೆ ನಿಂತುಕೊಳ್ಳುವ ಚಟವಿದೆ. ಚಟ ಅಂದರೆ ಚಟವೇ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೆಂಚುಗಳು ಖಾಲಿ ಬಿದ್ದಿದ್ದರೂ ನಾನು ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತಿರುತ್ತೇನೆ. ಬೆನ್ನು ನೆಟ್ಟಗೆ, ಪಾದ ಕೂಡಿಸಿ, ಗದ್ದ ತುಸು ಮೇಲೆ, ಎರಡೂ ಕೈ ಎದೆಯ ಮುಂದೆ ಏನನ್ನೋ ಹಿಡಿದುಕೊಂಡ ಹಾಗೆ. ಕೈಯಲ್ಲಿ ಏನೂ ಇರುವುದಿಲ್ಲ, ಹೆಚ್ಚೆಂದರೆ ಒಂದು ಛತ್ರಿ. ಮೊನ್ನೆ ಅಲ್ಲಿ ಮಲ್ಲಿಗೆ ಮಾರುವ ಹೆಂಗಸು ತಡೆಯಲಾರದೆ, "ಯವ್ವಾ, ಒಂದೀಟು ಕುಂದರ್ರಿ ಅತ್ಲಾಗ. ನಿಮ್ಮನ್ನ ನೋಡಿ ನೋಡಿ ನನ್ನ ಕಾಲು ನೋಯಾಕತ್ತಾವು" ಅಂದಳು. ನಾನು ಕುಳಿತೆ. ಎರಡು ನಿಮಿಷ ಕುಳಿತು, ಆಕೆ ಆ ಕಡೆ ತಿರುಗಿದೊಡನೆ ಮತ್ತೆ ಎದ್ದು ನಿಂತೆ.

ಈ ಚಟ ಎಲ್ಲಿಂದ ಹತ್ತಿತು ಅಂತ ನೀವೇನೂ ಕೇಳಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಒಬ್ಬಳೇ ಇರುವ ಹೆಂಗಸಿನ ಕೈಗೆ ಕೇಳುವವರು ಸಿಕ್ಕರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನನ್ನ ಮನೆಯಲ್ಲಿ ಸಂಜೆ ಹೊತ್ತು ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುವವಳು. ಸಿವಿಲ್ ಓದುವ ಮಕ್ಕಳಿಗೆ ಸರ್ವೆ ಅಂತ ಒಂದು ವಿಷಯವಿದೆ. ಭೂಮಿಯ ಏರುತಗ್ಗು ಅಳೆಯುವ ವಿದ್ಯೆ. ಈ ಕಡೆ ಮೂರು ಕಾಲಿನ ಮೇಲೆ ದೂರದರ್ಶಕ ಕೂರಿಸಿದ ಒಂದು ಯಂತ್ರ. ಆ ಕಡೆ, ಗಾಳಿಗೆ ಮಾತು ಹಾರಿಹೋಗುವಷ್ಟು ದೂರದಲ್ಲಿ, ಎರಡಾಳೆತ್ತರದ ಒಂದು ಅಳತೆಕೋಲು. ಕೋಲಿನ ಮೇಲೆ ಕೆಂಪು ಕಪ್ಪು ಗೆರೆ, ಅಂಕಿ. ಯಂತ್ರದೊಳಗೆ ಕಣ್ಣಿಟ್ಟು ಆ ಅಂಕಿ ಓದುವವರು ಇಂಜಿನಿಯರು. ಪಕ್ಕದಲ್ಲಿ ಬರೆದುಕೊಳ್ಳುವವರು, ಲೆಕ್ಕ ಹಾಕುವವರು, ಅವರ ಮೇಲೆ ಛತ್ರಿ ಹಿಡಿಯುವವರು, ಹಾಡು ಹಾಕುವವರು, ಶೇಂಗಾ ಸುಲಿಯುವವರು, ಎಲ್ಲರೂ ಇಂಜಿನಿಯರೇ. ಕೋಲು ಹಿಡಿಯುವವರು ಮಾತ್ರ ಕೋಲು ಹಿಡಿಯುವವರು. ಒಂದು ತಂಡದಲ್ಲಿ ಆರು ಜನ ಇದ್ದರೆ ಐದು ಜನ ಈ ಕಡೆ, ಒಬ್ಬರು ಆ ಕಡೆ. ಆ ಒಬ್ಬರು ಯಾರಾಗಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಮೊದಲನೇ ದಿನವೇ ಅದು ಹೇಗೋ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನಮ್ಮ ತಂಡದಲ್ಲಿ ಅದು ನಾನು. ನಾಲ್ಕು ವರ್ಷವೂ ನಾನೇ.

ನಮ್ಮದು ಕಂಪ್ಲಿ. ಊರಾಚೆ, ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಕೇರಿ. ಅಪ್ಪ ಅವ್ವ ಇಬ್ಬರೂ ಗದ್ದೆ ಕೂಲಿ. ನಾನು ಹುಟ್ಟಿದಾಗ ಇಟ್ಟ ಹೆಸರು ಹುಲಿಗೆಮ್ಮ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ದಿನ ಎಲ್ಲಿಗೋ ಹೋಗಿ ಬಿಳಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಬುದ್ಧನ ಫೋಟೊ ಇಟ್ಟುಕೊಂಡು ಬಂದ. "ಇನ್ನ ಮ್ಯಾಲೆ ನಾವು ಬೌದ್ಧರು. ಇಕಿ ಹೆಸರು ಗೌತಮಿ" ಅಂದ. ಅವ್ವ ಫೋಟೊ ಇಸಿದುಕೊಂಡು ಸೆರಗಿನಿಂದ ಧೂಳು ಒರೆಸಿ, "ಮುಖ ಭಾಳ ಶಾಂತ ಐತಿ. ಮೊಳಿ ಎಲ್ಲಿ ಹೊಡೀಲಿ?" ಅಂತ ಕೇಳಿದಳು. ಅವಳ ಮತಾಂತರ ಅಷ್ಟರಲ್ಲೇ ಮುಗಿಯಿತು. ನನ್ನನ್ನು ಮಾತ್ರ ಕಡೆಯವರೆಗೂ ಹುಲಿಗಿ ಅಂತಲೇ ಕರೆದಳು. ಗೌತಮಿ ಅಂತ ಕರೆದರೆ ಬೇರೆಯವರ ಮಗಳನ್ನು ಕರೆದಂತಾಗುತ್ತದಂತೆ.

ಕಾಲೇಜು ಸೇರಿದಾಗ ಒಬ್ಬ ಮೇಷ್ಟ್ರು ಹಾಜರಿ ಕರೆಯುತ್ತಾ, "ಬೌದ್ಧರು ಅಂದ್ರ? ಟಿಬೆಟ್ ಕಡೆಯಾಕಿ ಏನಮ್ಮ?" ಅಂದರು. "ಅಲ್ಲ ಸರ್, ಕಂಪ್ಲಿ ಕಡೆಯಾಕಿ" ಅಂದೆ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಹಾಗೆ ಎಲ್ಲರೂ ಸೇರಿ ನಕ್ಕಿದ್ದು ಅದೊಂದೇ ಸಲ. ಆಮೇಲೆ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಕೆಟ್ಟ ಮಾತು ಆಡಲಿಲ್ಲ, ಒಳ್ಳೆಯ ಮಾತೂ ಆಡಲಿಲ್ಲ. ನಾನು ಬಂದು ಕುಳಿತರೆ ಬೆಂಚಿನಲ್ಲಿ ಒಂದು ಆಳಿನಷ್ಟು ಜಾಗ ಬಿಟ್ಟು ಕೂರುತ್ತಿದ್ದರು. ಮೊದಮೊದಲು, ಮರ್ಯಾದೆ ಕೊಡುತ್ತಿದ್ದಾರೆ ಅಂತ ತಿಳಿದುಕೊಂಡಿದ್ದೆ. ದಡ್ಡತನಕ್ಕೂ ಒಂದು ಸುಖ ಇರುತ್ತದೆ ನೋಡಿ.

ಕೋಲು ಹಿಡಿಯುವ ಕೆಲಸದಲ್ಲಿ ನಾನು ಎಷ್ಟು ಪಳಗಿದೆ ಅಂದರೆ, ಯಂತ್ರದ ಕಡೆಯವರ ಕೈಸನ್ನೆಗಳೆಲ್ಲ ಬಾಯಿಪಾಠ. ದೂರಕ್ಕೆ ಮಾತು ಕೇಳುವುದಿಲ್ಲವಾದ್ದರಿಂದ ಸರ್ವೆಯವರಿಗೆ ಸನ್ನೆಯದೇ ಒಂದು ಭಾಷೆ ಇದೆ. ಬಲಗೈ ಚಾಚಿದರೆ ಬಲಕ್ಕೆ ಸರಿ. ಎಡಗೈ ತಲೆಯ ಮೇಲೆ ಎತ್ತಿದರೆ ಕೋಲಿನ ತುದಿಯನ್ನು ಎಡಕ್ಕೆ ವಾಲಿಸು. ಎರಡೂ ಕೈ ಮುಂದೆ ಚಾಚಿ ಕೆಳಕ್ಕೆ ಒತ್ತಿದರೆ ಅಲ್ಲೇ ಊರು. ಎರಡೂ ಕೈ ಅಗಲಿಸಿ ತಲೆಯ ಮೇಲೆ ಇಟ್ಟುಕೊಂಡರೆ, ಸಾಕು, ವಾಪಸ್ ಬಾ. ನಮ್ಮ ತಂಡದವರು ಮೊದಲ ಮೂರು ಸನ್ನೆ ಚೆನ್ನಾಗಿ ಕಲಿತಿದ್ದರು. ನಾಲ್ಕನೆಯದು ಮರೆತುಬಿಡುತ್ತಿದ್ದರು. ಅವರು ಯಂತ್ರ ಮಡಚಿ ಪೆಟ್ಟಿಗೆಗೆ ಹಾಕುವುದು ಕಂಡಾಗ, ಓಹೋ ಮುಗಿಯಿತು ಅಂತ ನಾನೇ ತಿಳಿದುಕೊಂಡು ಕೋಲು ಹೊತ್ತು ಬರುತ್ತಿದ್ದೆ.

ಈಗಿನ ಮಾತಿಗೆ ಬರುತ್ತೇನೆ. ಹೋದ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ಒಂದು ಹೊಸ ಕೋಣೆ ತೆರೆಯಬೇಕು ಅನ್ನಿಸಿತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಬೆಂಬಲ ಕೇಂದ್ರ. ವಿಜ್ಞಾನ, ಇಂಜಿನಿಯರಿಂಗ್ ಓದಲು ಬರುವ ಅಂಥ ಮಕ್ಕಳು ಅರ್ಧಕ್ಕೇ ಬಿಟ್ಟು ಹೋಗಬಾರದು, ಅವರಿಗೊಂದು ಆಸರೆ ಬೇಕು ಅಂತ. ವಿಚಾರ ಒಳ್ಳೆಯದೇ. "ಮೇಡಂ, ನೀವ ನೋಡ್ಕೊಳ್ರಿ. ನಿಮ್ಮನ್ನ ಬಿಟ್ರ ಇನ್ಯಾರದಾರ?" ಅಂದರು. ನಿಜ, ಪಾಠ ಮಾಡುವವರಲ್ಲಿ ಅಲ್ಪಸಂಖ್ಯಾತರು ಅಂತ ಬೌದ್ಧಳಾದ ನನ್ನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ, ಬಾಗಿಲ ಮೇಲೆ ದೊಡ್ಡ ನೀಲಿ ಬೋರ್ಡು. ಬೋರ್ಡು ಎಷ್ಟು ದೊಡ್ಡದೆಂದರೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರಿಗೂ ಅದರ ಒತ್ತಕ್ಷರ ಕಾಣುತ್ತಿತ್ತು.

ಯಾರು ಬರುತ್ತಾರೆ ಹೇಳಿ ಅಂಥ ಬೋರ್ಡಿನ ಕೆಳಗೆ? ಮೊದಲೇ ಒಂಟಿಯಾಗಿರುವ ಮಗು, ತಾನು ಒಂಟಿ ಅಂತ ಕಾಲೇಜಿಗೆಲ್ಲ ಸಾರಿಕೊಂಡು ಒಳಗೆ ಬರುತ್ತದೆಯೇ? ನಾನು ಮಧ್ಯಾಹ್ನ ಮೂರರಿಂದ ಐದರವರೆಗೆ ಅಲ್ಲಿ ಕೂರುತ್ತಿದ್ದೆ. ಮಕ್ಕಳು ಬಂದರೆ ಇರಲಿ ಅಂತ ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ ತಂದಿಡುತ್ತಿದ್ದೆ. ಸ್ಟೇಪ್ಲರ್ ಕೇಳಲು ಇಬ್ಬರು ಬಂದರು. ಫ್ಯಾನ್ ಚೆನ್ನಾಗಿ ತಿರುಗುತ್ತದೆಂದು ಗೊತ್ತಾಗಿ ಕಾಲೇಜಿನ ಕೆಂಚು ನಾಯಿ ಬಂತು. ಮಂಡಕ್ಕಿ ಪೂರಾ ನಾನೇ ತಿಂದೆ. ಬೆಂಬಲ ಕೇಂದ್ರದಿಂದ ಮೊದಲ ಆರು ತಿಂಗಳಲ್ಲಿ ಯಾರಾದರೂ ಬೆಳೆದಿದ್ದರೆ ಅದು ನನ್ನ ಸೊಂಟ.

ಒಂದು ದಿನ ಗಡಿಯಾರ ಐದರ ಹತ್ತಿರ ಬಂದಿತ್ತು. ನಾನು ಡಬ್ಬಿ ಮುಚ್ಚುತ್ತಿದ್ದೆ. ಬಾಗಿಲಲ್ಲಿ ಎತ್ತರದ ಹುಡುಗಿ. ತಲೆಯ ಮೇಲೆ ಬೂದು ಬಣ್ಣದ ದುಪಟ್ಟಾ, ಬೆನ್ನಿಗೆ ಚೀಲ. ಮೂರನೇ ವರ್ಷದ ಸಿವಿಲ್ ಹುಡುಗಿ ನಸೀಮಾ. ಸಂಡೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಅವಳ ತಂದೆಗೆ ಅಲ್ಲಿ ಅದಿರಿನ ಲಾರಿಗಳಿಗೆ ವೆಲ್ಡಿಂಗ್ ಮಾಡಿಕೊಡುವ ಅಂಗಡಿಯಿದೆ. ನನ್ನ ಕ್ಲಾಸಿನಲ್ಲಿ ಎರಡು ವರ್ಷ ಕುಳಿತಿದ್ದರೂ ಅವಳ ದನಿ ಹೇಗಿದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

"ಮೇಡಂ, ಟಿ.ಸಿ. ತಗೋಬೇಕಂದ್ರ ಯಾರನ್ನ ಕೇಳ್ಬೇಕ್ರಿ?"

ಬೋರ್ಡು ಹಾಕಿ ಆರು ತಿಂಗಳಿಗೆ ಬಂದ ಮೊದಲನೇ ಮಗು, ಅದೂ ಹೋಗುತ್ತೇನೆ ಅಂತ ಹೇಳಲು ಬಂದಿದೆ.

"ಯಾಕವ್ವಾ? ಮನ್ಯಾಗ ಬ್ಯಾಡ ಅಂದ್ರೇನು?"

"ಇಲ್ರಿ ಮೇಡಂ. ಅಬ್ಬಾ ಅಂತೂ ಅಂಗಡಿಗೆ ಬಂದ ಡ್ರೈವರಿಗೆಲ್ಲ ಹೇಳ್ತಾರ, ನನ್ನ ಮಗಳು ಇಂಜಿನಿಯರ್ ಆಗ್ತಾಳ, ನಿಮ್ಮ ರೋಡು ಆಕೀನ ಮಾಡ್ತಾಳ ಅಂತ."

"ಮತ್ತ? ಇಲ್ಲಿ ಯಾರರ ಏನಾರ ಅಂದ್ರೇನು? ಹೆಸರು ಹೇಳು, ನಾ ನೋಡ್ಕೊಂತೀನಿ."

ಅವಳು ಫ್ಯಾನಿನ ಕೆಳಗೆ ಮಲಗಿದ್ದ ನಾಯಿಯ ಕಡೆ ನೋಡಿದಳು. "ಯಾರೂ ಏನೂ ಅನ್ನಂಗಿಲ್ರಿ. ಬೆಳಗ್ಗೆ ಬಂದಾಗಿಂದ ಸಂಜಿ ಬಸ್ ಹತ್ತೋ ತನಕ ಒಬ್ರೂ ಏನೂ ಅನ್ನಂಗಿಲ್ಲ."

ಅಷ್ಟು ಕೇಳಿದ್ದೇ ತಡ, ನಾನು ಶುರು ಮಾಡಿಬಿಟ್ಟೆ. ನಮ್ಮ ವಯಸ್ಸಿನವರಿಗೆ ಇರುವ ರೋಗ ಇದು, ನಮ್ಮ ಕಷ್ಟವನ್ನು ಟಾನಿಕ್ ಅಂತ ಮಕ್ಕಳಿಗೆ ಕುಡಿಸುವುದು. ಕಂಪ್ಲಿಯ ಕೇರಿ ಹೇಳಿದೆ, ಟಿಬೆಟ್ ಹೇಳಿದೆ, ಬೆಂಚಿನ ಮೇಲಿನ ಆ ಖಾಲಿ ಜಾಗ ಹೇಳಿದೆ, ನಾನು ಎದೆಗುಂದಲಿಲ್ಲ ಅಂದೆ. ಎದೆಗುಂದದೆ ಏನು ಮಾಡಿದ್ದೆ ಅಂತ ನನಗೇ ನೆನಪಿಲ್ಲ, ಆದರೂ ಅಂದೆ. ನಸೀಮಾ ಮರ್ಯಾದೆಯಿಂದ ಕೇಳಿದಳು. ನಡುನಡುವೆ ಗಡಿಯಾರ ನೋಡಿದಳು. ಕೊನೆಗೆ, "ನಿಮ್ದು ಬ್ಯಾರೆ ಮೇಡಂ. ನಂದು ಬ್ಯಾರೆ. ಬಸ್ ಹೋಗ್ತೈತ್ರಿ" ಅಂದಳು.

ಸರಿಯಾಗಿಯೇ ಹೇಳಿದ್ದಳು. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಕೂಡಿಟ್ಟ ಕಷ್ಟವನ್ನು ಒಂದೇ ಮಾತಿನಲ್ಲಿ ಬೇರೆ ಅಂದುಬಿಟ್ಟಳಲ್ಲ. ಆದರೂ ಬಾಗಿಲ ತನಕ ಹೋಗಿ, "ಮುಂದಿನ ವಾರ ಸರ್ವೆ ಕ್ಯಾಂಪ್ ಐತಿ. ಅದೊಂದು ಮುಗಿಸು. ಆಮ್ಯಾಲೂ ಹೋಗಬೇಕು ಅನಿಸಿದ್ರ ನಾನ ನಿನ್ನ ಕರ್ಕೊಂಡು ಆಫೀಸಿಗೆ ಬರ್ತೀನಿ" ಅಂದೆ.

"ಆತ್ರಿ" ಅಂದಳು. ಬೇಗ ಬಿಟ್ಟರೆ ಸಾಕು ಅನ್ನುವವರ 'ಆತ್ರಿ' ಅದು.

ಆವತ್ತು ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ಹೊಳೆಯಿತು. ಇಷ್ಟೆಲ್ಲ ಹೇಳಿದವಳು ಹೇಳಬೇಕಾದ ಒಂದನ್ನೇ ಹೇಳಿರಲಿಲ್ಲ. ಅವಳಿಗೆ ಹೇಳಲಿಲ್ಲ, ನಿಮಗಾದರೂ ಹೇಳುತ್ತೇನೆ.

ನಮ್ಮ ಕಾಲದ ಕ್ಯಾಂಪೂ ಈಗಿನ ಹಾಗೆ ಹಂಪಿ ದಾರಿಯಲ್ಲೇ, ಕಡ್ಡಿರಾಂಪುರದ ಆಚೆ ಬಂಡೆಗಳ ನಡುವೆ. ಮಧ್ಯಾಹ್ನ ತಂಡದವರೆಲ್ಲ ಊಟಕ್ಕೆ ರಸ್ತೆ ಬದಿಯ ಖಾನಾವಳಿಗೆ ಹೋಗುತ್ತಿದ್ದರು. ಯಂತ್ರ ಕಾಯಲು ಒಬ್ಬರು ಇರಬೇಕಲ್ಲ, ಆ ಒಬ್ಬರು ಯಾರು ಅಂತ ನೀವೇ ಊಹಿಸಿ. ಅವರು ಮರೆಯಾದ ಕೂಡಲೇ ನಾನು ಕಳ್ಳಿಯ ಹಾಗೆ ಹೋಗಿ ಯಂತ್ರಕ್ಕೆ ಕಣ್ಣಿಡುತ್ತಿದ್ದೆ. ಆಗಿನ ಹಳೇ ಯಂತ್ರದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗೆ, ಬಂಡೆ ಮೇಲೆ. ನೋಡಲು ಬೆರಗೇ. ಆದರೆ ಓದಲು ಏನೂ ಇರುತ್ತಿರಲಿಲ್ಲ. ಆ ಕಡೆ ಕೋಲು ಹಿಡಿಯಲು ಯಾರಾದರೂ ಬೇಕಲ್ಲ? ಬರೀ ಬಂಡೆ ನೋಡಿ, ಕಣ್ಣು ಒರೆಸಿಕೊಂಡು, ನನ್ನ ಜಾಗಕ್ಕೆ ಬಂದು ಕೂರುತ್ತಿದ್ದೆ. ನಾಲ್ಕನೇ ವರ್ಷಕ್ಕೆ ಬಂದಿದ್ದೆ, ಒಂದೇ ಒಂದು ಅಂಕಿ ನನ್ನ ಕಣ್ಣಾರೆ ಓದಿರಲಿಲ್ಲ.

ಒಂದು ಮಧ್ಯಾಹ್ನ ಅಲ್ಲಿಗೆ ಅವ್ವ ಬಂದಳು. ಕ್ಯಾಂಪ್ ಅಂದರೆ ಮಕ್ಕಳನ್ನು ಉಪವಾಸ ಕೆಡವುತ್ತಾರೆ ಅಂತ ಯಾರೋ ಹೇಳಿದ್ದರಂತೆ. ಕಂಪ್ಲಿಯಿಂದ ಬಸ್ಸು ಹತ್ತಿ, ಇಳಿದು, ಕೇಳಿಕೊಂಡು, ಬುತ್ತಿ ಹೊತ್ತು ಬಂದಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು ಬುತ್ತಿ ಬಿಚ್ಚಲಿಲ್ಲ.

"ಅವ್ವಾ, ಆ ಬಂಡಿಗಲ್ಲಿನ ತನಕ ಹೋಗಿ ಈ ಕೋಲು ಹಿಡ್ಕೊಂಡು ನಿಂದರ್ತೀಯೇನು?"

"ಯಾಕ? ಅಲ್ಲಿ ಎಮ್ಮಿ ಬರ್ತಾವೇನು?"

"ಎಮ್ಮಿ ಇಲ್ಲವ್ವಾ. ಸುಮ್ಮನ ನಿಂದ್ರು. ನೆಟ್ಟಗ ನಿಂದ್ರಬೇಕು."

"ಸುಮ್ಮನ ನಿಂದ್ರಾಕ ಇಷ್ಟು ಓದಬೇಕೇನಲೇ" ಅಂತ ಗೊಣಗುತ್ತಾ ಕೋಲು ಹೊತ್ತು ನಡೆದಳು. ನಾನು ಯಂತ್ರಕ್ಕೆ ಕಣ್ಣಿಟ್ಟೆ. ದುಂಡನೆಯ ಬೆಳಕಿನಲ್ಲಿ ಅವ್ವ ತಲೆಕೆಳಗಾಗಿ ನಿಂತಿದ್ದಳು. ಮೇಲೆ ಪಾದ, ಕೆಳಗೆ ಕುಂಕುಮ. ಗೊಣಗುವುದನ್ನು ಇನ್ನೂ ನಿಲ್ಲಿಸಿರಲಿಲ್ಲ, ಬಾಯಿ ಅಲ್ಲಾಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನನಗೆ ನಗು ಬಂತು. ನಗುನಗುತ್ತಲೇ ನೋಡುತ್ತೇನೆ, ಅವಳ ಭುಜದ ಪಕ್ಕ ಕೋಲು, ಕೋಲಿನ ಮೇಲೆ ಅಂಕಿ, ಅಂಕಿಯ ಮೇಲೆ ಯಂತ್ರದ ಸಣ್ಣ ಅಡ್ಡಗೆರೆ ಬಂದು ಕೂತಿದೆ. ಓದಿದೆ. ಅಂಗೈ ಮೇಲೆ ಬರೆದುಕೊಂಡೆ. ಮತ್ತೆ ಓದಿದೆ, ಅದೇ ಅಂಕಿ. ಆಗ ಅಳು ಬಂತು. ನಾಲ್ಕು ವರ್ಷ ಕಲಿತದ್ದು ನನ್ನದಾಗಿದ್ದು ಆ ಗಳಿಗೆಯಲ್ಲಿ.

ಕಣ್ಣೊರೆಸಿಕೊಂಡು, ಶಾಸ್ತ್ರಕ್ಕೆ ಸರಿಯಾಗಿ, ಎರಡೂ ಕೈ ಅಗಲಿಸಿ ತಲೆಯ ಮೇಲೆ ಇಟ್ಟುಕೊಂಡೆ. ಸಾಕು, ವಾಪಸ್ ಬಾ.

ಅವ್ವ ಕೋಲನ್ನು ಅಲ್ಲೇ ಬಿಸಾಡಿದಳು. ಸೀರೆ ಮೇಲೆತ್ತಿಕೊಂಡು, ಜಾಲಿ ಮುಳ್ಳು ಕಲ್ಲು ಏನೂ ನೋಡದೆ ಓಡಿ ಬಂದಳು. "ಹುಲಿಗೀ! ಯಾಕವ್ವಾ! ಯಾರಿಗೇನಾತು?" ನಮ್ಮ ಕಡೆ ಹೆಂಗಸರು ಎರಡೂ ಕೈ ತಲೆಯ ಮೇಲೆ ಹೊತ್ತರೆ ಮನೆಯಲ್ಲಿ ಯಾರೋ ಹೋದರು ಅಂತಲೇ. ನಾನು ಕಣ್ಣೊರೆಸಿಕೊಂಡದ್ದು ಬೇರೆ ಕಂಡಿತ್ತು ಅವಳಿಗೆ. ವಿಷಯ ಹೇಳಿದ ಮೇಲೆ ಬೆನ್ನಿಗೆ ಒಂದು ಗುದ್ದು ಗುದ್ದಿದಳು. "ಸುಡ್ಲಿ ನಿನ್ನ ಇಂಜಿನಿಯರಿಂಗು! ನನ್ನ ಜೀವ ಬಾಯಿಗೆ ಬಂದಿತ್ತು" ಅಂದಳು. ಆಮೇಲೆ ಇಬ್ಬರೂ ರೊಟ್ಟಿ ತಿಂದೆವು. ಕೋಲಿನ ಒಂದು ಮೂಲೆ ಚಕ್ಕೆ ಎದ್ದಿತ್ತು. ಹಂಪಿ ಕೋತಿಗಳ ಕೆಲಸ ಅಂತ ಹೇಳಿ ಪಾರಾದೆ.

ಅಂದಿನಿಂದ ಅವ್ವ ಯಾವಾಗ ಸಿಕ್ಕರೂ, "ಕೋಲು ಹಿಡಿಯೋ ಕೆಲಸ ಇದ್ರ ಹೇಳಲೇ, ಬರ್ತೀನಿ. ನೆಟ್ಟಗ ನಿಂದರಾಕ ಬರ್ತೈತಿ ನನಗ" ಅನ್ನುತ್ತಿದ್ದಳು. ನಾನು ಮೇಡಂ ಆದ ಮೇಲೂ ಅನ್ನುತ್ತಿದ್ದಳು. ಅವಳು ಹೋಗಿ ಈಗ ವರ್ಷಗಳಾದವು. ಈಗ ನನ್ನನ್ನು ಹುಲಿಗಿ ಅನ್ನುವವರು ಭೂಮಿಯ ಮೇಲೆ ಯಾರೂ ಇಲ್ಲ. ಗೌತಮಿ ಮೇಡಂ ಅನ್ನುವವರು ಬೇಕಾದಷ್ಟು ಜನ ಇದ್ದಾರೆ.

ನಸೀಮಾಳ ಕ್ಯಾಂಪ್ ಶುರುವಾಗಿ ಎರಡು ದಿನ ಆಗಿತ್ತು. ನಡೆಸುವವರು ಬೇರೆ ಮೇಷ್ಟ್ರು. ಮಂಡಿ ನೋವಿನ ದೆಸೆಯಿಂದ ನನಗೆ ಬಂಡೆ ಹತ್ತುವ ಕೆಲಸ ಬಿಟ್ಟುಹೋಗಿದೆ. ಆದರೂ ಮನಸ್ಸು ತಡೆಯಲಿಲ್ಲ. ಮೂರನೇ ದಿನ ಆಟೋ ಮಾಡಿಕೊಂಡು ಕಡ್ಡಿರಾಂಪುರಕ್ಕೆ ಹೋದೆ. ಮಾಗಿಯ ದಿನಗಳು, ಬೆಳಗಿನ ಚಳಿ ಹೋಗಿ ಹನ್ನೊಂದಕ್ಕೇ ಬಂಡೆ ಕಾಯಲು ಶುರುವಾಗಿತ್ತು. ಬಾಳೆ ತೋಟದ ಆಚೆ ಒಂದು ಬೇವಿನ ಮರದ ನೆರಳಲ್ಲಿ ನಸೀಮಾಳ ತಂಡ ಕಂಡಿತು. ಯಂತ್ರ ನಿಂತಿದೆ. ಸುತ್ತ ಐದು ಜನ. ಮೊಬೈಲಿನಲ್ಲಿ ಹಾಡು, ಪೇಪರಿನಲ್ಲಿ ಮೆಣಸಿನಕಾಯಿ ಬಜ್ಜಿ, ಯಾರೋ ಯಾರನ್ನೋ ಅಣಕಿಸುತ್ತಿದ್ದಾರೆ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾರೆ.

ನಾನು ಆ ಕಡೆ ತಿರುಗಿ ನೋಡಿದೆ. ದೂರದ ಬಂಡೆಯ ಮೇಲೆ, ಸುಡುವ ಬಿಸಿಲಲ್ಲಿ, ಬೂದು ದುಪಟ್ಟಾದ ಉದ್ದನೆಯ ಹುಡುಗಿ. ಪಾದ ಕೂಡಿಸಿ, ಬೆನ್ನು ನೆಟ್ಟಗೆ, ಎರಡೂ ಕೈಯಲ್ಲಿ ಕೋಲು.

ಮೈಯೆಲ್ಲ ಉರಿದುಹೋಯಿತು.

"ಮೂರು ದಿನದಿಂದ ಕೋಲು ಯಾರು ಹಿಡ್ಯಾಕತ್ತಾರ?" ಅಂತ ಕೇಳಿದೆ.

ತಂಡದ ಮುಖಂಡ ಪ್ರಜ್ವಲ್ ಎದ್ದು ನಿಂತ. ಬಜ್ಜಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಸೀಮಾ ಹಿಡಿತಾಳ್ರಿ ಮೇಡಂ. ಆಕಿಗೆ ಅದ ಇಷ್ಟ."

"ಆಕಿ ಹೇಳಿದಳೇನು, ಇಷ್ಟ ಅಂತ?"

"ಆಕಿ ಏನೂ ಹೇಳಂಗಿಲ್ರಿ ಮೇಡಂ" ಅಂದ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಕೆಟ್ಟವನೂ ಅಲ್ಲ, ಪಾಪ. ಅವನಿಗೆ ನಿಜವಾಗಿಯೂ ಅದೊಂದು ಪ್ರಶ್ನೆ ಅಂತಲೇ ಹೊಳೆದಿರಲಿಲ್ಲ.

ಬಾಯಿ ತುದಿಗೆ ಬೈಗುಳ ಬಂದಿತ್ತು. ಕಂಪ್ಲಿಯ ಬೈಗುಳ ನನಗೆ ಚೆನ್ನಾಗಿ ಬರುತ್ತದೆ, ಎಂ.ಟೆಕ್. ಮಾಡಿದರೂ ಮರೆತಿಲ್ಲ. ಆದರೆ ನಾನು ಬೈದರೆ ಇವರು ತೆಪ್ಪಗೆ ತಲೆ ಬಗ್ಗಿಸಿ ಕೇಳುತ್ತಾರೆ, ನಾಳೆಯಿಂದ ಅವಳಿಂದ ಇನ್ನೂ ದೂರ ಕೂರುತ್ತಾರೆ, ಮೇಡಂಗೆ ಚಾಡಿ ಹೇಳಿದವಳು ಅಂತ. ಬೈಗುಳ ನುಂಗಿಕೊಂಡೆ. ಕೈಚೀಲ, ಮೊಬೈಲು ಎರಡನ್ನೂ ಬೇವಿನ ಬುಡದಲ್ಲಿಟ್ಟು ಸೆರಗು ಸಿಕ್ಕಿಸಿಕೊಂಡು ಬಂಡೆಯ ಕಡೆ ನಡೆದೆ.

ಹತ್ತುವಾಗ ಮಂಡಿ ಲಟಲಟ ಅಂದಿತು. ನಸೀಮಾ ನನ್ನನ್ನು ನೋಡಿ ಗಾಬರಿಯಾದಳು. "ಮೇಡಂ, ನೀವ್ಯಾಕ್ ಬಂದ್ರಿ ಇಲ್ಲಿ?"

"ಕೊಡು ಇತ್ಲಾಗ."

"ಏನ್ರಿ?"

"ಕೋಲು. ನೀ ಆ ಕಡೆ ಹೋಗು. ಯಂತ್ರದಾಗ ನೋಡು."

ಅವಳು ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ನನಗ ಬರಂಗಿಲ್ರಿ ಮೇಡಂ. ಒಂದಿನಾನೂ ನೋಡಿಲ್ಲ. ಅಲ್ಲಿ ಎಲ್ಲರೂ ಅದಾರ. ಆಗಂಗಿಲ್ರಿ ನನ್ನ ಕಡಿಂದ."

"ಬರದಿದ್ರ ಏನಾತು? ನೀ ನೋಡೋ ತನಕ ನಾ ಇಲ್ಲೇ ನಿಂತಿರ್ತೀನಿ."

"ಭಾಳ ಹೊತ್ತಾದ್ರ?"

"ಭಾಳ ಹೊತ್ತು ನಿಂದರ್ತೀನಿ. ನನಗ ಬರೋದ ಅದೊಂದು."

ಆಗ ಅವಳು ಸಣ್ಣಗೆ ನಕ್ಕಳು. ಎರಡು ವರ್ಷದಲ್ಲಿ ನಾನು ನೋಡಿದ ಮೊದಲ ನಗು. ಕೋಲು ನನ್ನ ಕೈಗೆ ಬಂತು. ಅವಳು ಹೆಜ್ಜೆ ಹೆಜ್ಜೆಗೂ ತಿರುಗಿ ನೋಡುತ್ತಾ ಇಳಿದು ಹೋದಳು.

ನಾನು ನಿಂತೆ. ಬೆನ್ನು ನೆಟ್ಟಗೆ, ಪಾದ ಕೂಡಿಸಿ. ಈಗಿನ ಕೋಲು ಅಲ್ಯೂಮಿನಿಯಮ್ಮಿನದು, ಹಗುರ, ಆದರೆ ಬಿಸಿಲಿಗೆ ಕೈ ಸುಡುತ್ತದೆ. ಬಂಡೆಯ ಸಂದಿನಿಂದ ಒಂದು ಓತಿಕ್ಯಾತ ಬಂದು ನನ್ನನ್ನು ನೋಡಿ ಕತ್ತು ಕುಣಿಸಿತು. ಹಂಪಿಗೆ ಹೋಗುವ ಬಸ್ಸುಗಳು ದೂರದಲ್ಲಿ ಹಾರ್ನ್ ಹೊಡೆಯುತ್ತಿದ್ದವು. ಆ ಕಡೆಯ ಜನ ಬೆರಳುದ್ದ ಕಾಣುತ್ತಿದ್ದರು. ಬೂದು ಬಣ್ಣದ ಬೆರಳೊಂದು ಹೋಗಿ ಉಳಿದವರಿಂದ ಸ್ವಲ್ಪ ದೂರ ನಿಂತುಕೊಂಡಿತು. ಬಹಳ ಹೊತ್ತು ಹಾಗೇ ನಿಂತಿತ್ತು. ಹೋಗವ್ವಾ, ಹೋಗು, ಇನ್ನೊಂದೆರಡು ಹೆಜ್ಜೆ ಅಂತ ನಾನು ಇಲ್ಲಿಂದ ಬಾಯಿಬಿಟ್ಟೇ ಹೇಳಿದೆ. ಓತಿಕ್ಯಾತ ಬೆದರಿ ಸಂದಿಗೆ ಹೋಯಿತು.

ಕೊನೆಗೆ ಬಗ್ಗಿದಳು. ಯಂತ್ರಕ್ಕೆ ಕಣ್ಣಿಟ್ಟಳು. ಈಗಿನ ಯಂತ್ರದಲ್ಲಿ ಎಲ್ಲವೂ ನೆಟ್ಟಗೇ ಕಾಣುತ್ತದೆ, ತಲೆಕೆಳಗಿನ ಕಾಲ ಮುಗಿಯಿತು. ಏನೂ ಕಾಣಲಿಲ್ಲವೇನೋ, ತಲೆ ಎತ್ತಿದಳು. ಒಂದು ಆಕೃತಿ ಬಂದು ಪಕ್ಕ ನಿಂತಿತು. ಪ್ರಜ್ವಲನೇ ಇರಬೇಕು. ಕೈ ತೋರಿಸಿ ಏನೋ ಹೇಳಿದ. ಅವಳು ಮತ್ತೆ ಬಗ್ಗಿದಳು. ಬಲಗೈ ಮೆಲ್ಲಗೆ ತಲೆಯ ಮೇಲೆ ಎದ್ದಿತು, ತುದಿ ಬಲಕ್ಕೆ ವಾಲಿಸಿ ಅಂತ. ವಾಲಿಸಿದೆ. ಎರಡೂ ಕೈ ಮುಂದೆ ಬಂದು ಕೆಳಕ್ಕೆ ಒತ್ತಿದವು. ಊರಿ ನಿಂತೆ. ಕ್ಲಾಸಿನಲ್ಲಿ ಈ ಸನ್ನೆಗಳನ್ನು ಹೇಳಿಕೊಡುವಾಗ ಪ್ರತಿ ವರ್ಷ ಮಕ್ಕಳು ನಗುತ್ತಾರೆ, ಮೊಬೈಲ್ ಇರುವಾಗ ಯಾರಿಗೆ ಬೇಕು ಮೇಡಂ ಅಂತ. ಇವಳು ನಗದೆ ಕಲಿತಿದ್ದಳು.

ಆಮೇಲೆ ಏನೋ ನಡೆಯಿತು ಅಲ್ಲಿ. ಅವಳು ತಲೆ ಎತ್ತಿ ಒಂದು ಅಂಕಿ ಹೇಳಿರಬೇಕು. ಪ್ರಜ್ವಲ್ ಬಗ್ಗಿ ನೋಡಿದ, ತಲೆ ಆಡಿಸಿದ. ಅವಳು ಅವನನ್ನು ಸರಿಸಿ ಮತ್ತೆ ನೋಡಿದಳು. ಏನೋ ವಾದ ಹತ್ತಿತು. ಉಳಿದವರೂ ಎದ್ದು ಬಂದು ಯಂತ್ರದ ಸುತ್ತ ಮುತ್ತಿಕೊಂಡರು. ಬೂದು ದುಪಟ್ಟಾ ಗುಂಪಿನ ನಡುವೆ ಸೇರಿ, ಯಾವುದು ಯಾರು ಅಂತ ನನಗೆ ಗೊತ್ತಾಗದಂತಾಯಿತು. ಗಾಳಿ ಈ ಕಡೆ ತಿರುಗಿದಾಗ ನಗು ಕೇಳಿಸಿತು. ಅದರಲ್ಲಿ ಅವಳದು ಯಾವುದು ಅಂತ ಹುಡುಕಿದೆ, ಸಿಗಲಿಲ್ಲ.

ಒಬ್ಬ ಬಜ್ಜಿಯ ಪೇಪರು ಹಿಡಿದು ಸುತ್ತ ಚಾಚುತ್ತಿದ್ದ. ಯಂತ್ರದಲ್ಲಿ ಈಗ ಯಾರೂ ನೋಡುತ್ತಿರಲಿಲ್ಲ. ನಾನು ನಿಂತೇ ಇದ್ದೆ. ಸಂತೋಷವಾಗಿತ್ತು, ನಿಜವಾಗಿ ಬಹಳ ಸಂತೋಷವಾಗಿತ್ತು. ಕೆಲಸ ಆಯಿತು, ಅವಳು ಆ ಕಡೆಯವಳಾದಳು, ಈ ಕಡೆ ಒಬ್ಬಳು ನಿಂತಿದ್ದಾಳೆ ಅನ್ನುವುದು ಅವಳಿಗೂ ಮರೆತುಹೋಯಿತು. ಮರೆಯಲಿ, ಇದೇ ತಾನೇ ಬೇಕಾಗಿದ್ದದ್ದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನು ಅವರು ಯಂತ್ರ ಮಡಚುವುದು ಕಂಡಾಗ ನಾನೇ ಕೋಲು ಹೊತ್ತುಕೊಂಡು ಹೋದರಾಯಿತು, ಅದೇನು ನನಗೆ ಹೊಸದಲ್ಲ.

ಆಗ ಗುಂಪು ಸರಿಯಿತು. ಬೂದು ದುಪಟ್ಟಾದವಳು ನೆರಳಿನಿಂದ ಬಿಸಿಲಿಗೆ ಬಂದು, ನನ್ನ ಕಡೆ ಮುಖ ಮಾಡಿ ನಿಂತಳು. ಎರಡೂ ಕೈ ಅಗಲಿಸಿದಳು. ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

ನನಗೆ ಕಣ್ಣು ಮಂಜಾಯಿತು. ಕೋಲು ಹಿಡಿದು ನಿಂತ ನನ್ನನ್ನು ವಾಪಸ್ ಬಾ ಅಂತ ಈ ಬಂಡೆಗಳ ನಡುವೆ ಯಾರೂ ಕರೆದಿರಲಿಲ್ಲ. ನಾನು ಓದುವಾಗಲೂ ಕರೆದಿರಲಿಲ್ಲ, ಆಮೇಲೂ ಇಲ್ಲ. ಅವ್ವ ಹೋದ ಮೇಲೆ ನನ್ನನ್ನು ಬಾ ಅಂದವರೇ ಇಲ್ಲ. ಅವಳು ಕೈ ಇಳಿಸಲಿಲ್ಲ. ನಾನು ನೋಡಲಿಲ್ಲವೇನೋ ಅಂತ ಇನ್ನೊಂದು ಸಲ ಅಗಲಿಸಿ, ಇನ್ನೊಂದು ಸಲ ಇಟ್ಟುಕೊಂಡಳು.

ಕೋಲನ್ನು ನಾನು ಬಿಸಾಡಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡೆ. ಆಮೇಲೆ ಓಡಿದೆ. ಮಂಡಿ, ಜಾಲಿ ಮುಳ್ಳು, ಮೇಡಂ ಅನ್ನುವ ಮರ್ಯಾದೆ, ಎಲ್ಲವನ್ನೂ ಬಂಡೆಯ ಮೇಲೆ ಬಿಟ್ಟು ಸೆರಗು ಹಾರಿಸಿಕೊಂಡು ಓಡಿದೆ. ಬೇವಿನ ನೆರಳಿಗೆ ಬರುವಷ್ಟರಲ್ಲಿ ಏದುಸಿರು. ಐದು ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನಸೀಮಾ ಓಡಿ ಬಂದು ಕೋಲು ಇಸಿದುಕೊಂಡಳು.

"ಯಾಕ್ರಿ ಮೇಡಂ ಹಿಂಗ ಓಡಿ ಬಂದ್ರಿ! ಮೆಲ್ಲಕ ಬರಬೇಕಿಲ್ಲೇನ್ರಿ? ಮಂಡಿ ನೋವು ಅಂತೀರಿ, ನಾಳೆನೂ ನೀವ ಹಿಡೀಬೇಕಲ್ರಿ ಕೋಲು."

ನಾಳೆ ಅಂದಳು. ನಾನು ಬೇವಿನ ಬುಡಕ್ಕೆ ಒರಗಿ ಕುಳಿತೆ. ಉಸಿರು ಸುಧಾರಿಸಿಕೊಂಡೆ.

"ಕರದಿ ಅಲ್ಲವ್ವಾ," ಅಂದೆ. "ಅದಕ ಬಂದೆ."